ಬಿಟ್ಟ ಬರವಣಿಗೆಗೆ ಮರಳುವ ದಾರಿ

(ಹಲಸಂಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಹಲಸಂಗಿಗೆ ಬಂದವರು ಹಲಸಂಗಿ ಗೆಳೆಯರ ಬಗ್ಗೆಯೇ ಮಾತಾಡಬೇಕು ಅನ್ನುವುದು ವಾಡಿಕೆ. ಆದರೆ ಅವರ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳಲಾರೆ. ಇಲ್ಲಿ ಕೂತಿರುವ ಹಿರಿಯರಲ್ಲಿ ಆ ಗೆಳೆಯರ ಪೈಕಿ ಸಿಂಪಿ ಲಿಂಗಣ್ಣನವರನ್ನು ಕಣ್ಣಾರೆ ಕಂಡವರಿದ್ದರೂ ಆಶ್ಚರ್ಯವಿಲ್ಲ. ಅವರು ತೀರಿಕೊಂಡದ್ದು 1993ರಲ್ಲಿ, ತೀರ ಹಿಂದಿನ ಮಾತಲ್ಲ. ಹಾಗಾಗಿ ಆ ಗೆಳೆಯರು ಮಾಡಿದ ಒಂದೇ ಒಂದು ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು ಬೇರೆ ಕಡೆ ಹೋಗುತ್ತೇನೆ: ಬರೆಯುವುದನ್ನು ಬಿಟ್ಟವರು, ಬರೆಯಲು ಆಗದೇ ಹೋದವರು, ಬರೆದೂ ಮರೆವಿಗೆ ಬಿದ್ದವರು ಮತ್ತೆ ಓದುಗರ ಮುಂದೆ ಬರುವುದು ಹೇಗೆ? ಅದರಲ್ಲೂ ಕಾದಂಬರಿಕಾರರು. ಕವಿತೆಯಾದರೆ ಎಲ್ಲೋ ಒಂದು ಚೀಟಿಯ ಹಿಂಬದಿಯಲ್ಲಿ ಬದುಕಿ ಉಳಿದೀತು. ಕಾದಂಬರಿಗೆ ವರ್ಷಗಟ್ಟಲೆ ಹೊತ್ತು ಬೇಕು, ರೀಮುಗಟ್ಟಲೆ ಕಾಗದ ಬೇಕು, ಅಚ್ಚು ಹಾಕುವವರು ಬೇಕು. ಒಮ್ಮೆ ದಾರಿ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ.

ಆ ಕೆಲಸ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. 1931ರಲ್ಲಿ ‘ಗರತಿಯ ಹಾಡು’ ಬಂತು. 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಯಾರೂ ಕಾಲೇಜಿನಲ್ಲಿ ಸಾಹಿತ್ಯ ಓದಿದವರಲ್ಲ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೇ ಮುಗಿದಿತ್ತು. ಮುಂದಿನದೆಲ್ಲ ಅವರೇ ಕಲಿತದ್ದು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಈ ಗೆಳೆಯರು ಬರೆದುಕೊಂಡರು, ಆಯ್ದರು, ಅಚ್ಚಿಗೆ ಒಯ್ದರು. ಇದೇ ಊರಿನ ಲಾವಣಿಕಾರ ಖಾಜಾಭಾಯಿಯನ್ನೂ ಪುಸ್ತಕಕ್ಕೆ ತಂದರು. ಇದನ್ನು ನಾವು ಜಾನಪದ ಸಂಗ್ರಹ ಎಂದು ಕರೆದು ಒಂದು ಖಾನೆಯಲ್ಲಿ ಇಟ್ಟುಬಿಟ್ಟಿದ್ದೇವೆ. ನನಗೆ ಅದು ಪ್ರಕಾಶಕನ ಕೆಲಸವಾಗಿಯೂ ಕಾಣುತ್ತದೆ. ಅಕ್ಷರ ಗೊತ್ತಿಲ್ಲದ ಕಾರಣಕ್ಕೆ, ಹೊತ್ತಿಲ್ಲದ ಕಾರಣಕ್ಕೆ, ಹೆಣ್ಣಾದ ಕಾರಣಕ್ಕೆ ಪುಸ್ತಕದ ಬಾಗಿಲಿಗೆ ಬರಲಾರದ ಮಾತನ್ನು ಇನ್ನೊಬ್ಬರು ಎದ್ದು ಹೋಗಿ ಕರೆತಂದದ್ದು ಅದು.

ಈ ಅಳತೆಗೋಲು ಹಿಡಿದು ನೋಡಿದರೆ ಕನ್ನಡ ಕಾದಂಬರಿಯಲ್ಲಿ 1963 ಒಂದು ವಿಚಿತ್ರ ವರ್ಷ. ಆ ವರ್ಷದ ಜುಲೈ ಕೊನೆಯಲ್ಲಿ ಕಾದಂಬರಿಕಾರ್ತಿ ತ್ರಿವೇಣಿ ತೀರಿಕೊಂಡರು. ಮೂವತ್ತೈದೂ ತುಂಬಿರಲಿಲ್ಲ, ಹೆರಿಗೆಯಾಗಿ ಕೆಲವೇ ದಿನ. ಅದೇ ವರ್ಷ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು. ಅದೇ ವರ್ಷ ಇಪ್ಪತ್ತೇಳರ ಗೃಹಿಣಿಯೊಬ್ಬರಿಗೆ ಗ್ರಂಥಾಲಯವೊಂದರ ಸದಸ್ಯತ್ವ ಸಿಕ್ಕಿತು. ಆಕೆ ಸಾರಾ ಅಬೂಬಕ್ಕರ್. ಪುಸ್ತಕ ಬರೆಯುವುದಕ್ಕಲ್ಲ, ಓದುವುದಕ್ಕೆ ಸಿಕ್ಕ ಅನುಮತಿ ಅದು. ನಿಜವಾದ ಬರವಣಿಗೆ ಶುರುವಾಗಲು ಅಲ್ಲಿಂದ ಇನ್ನೂ ಹದಿನೆಂಟು ವರ್ಷ ಹಿಡಿಯಿತು.

ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಶಾಲೆ ಏಳು ವರ್ಷ, ಮದುವೆ ಹನ್ನೆರಡಕ್ಕೆ. ಮೊದಲ ಕಾದಂಬರಿ ಪ್ರಕಟವಾದಾಗ ನಲವತ್ತೈದು ದಾಟಿತ್ತು. ನಡುವೆ ಒಂದು ಸಂಗತಿ ನಡೆದಿದೆ, ಅದು ನನಗೆ ಮುಖ್ಯ. ಮಂಡ್ಯದಲ್ಲಿದ್ದಾಗ ಅವರಿಗೆ ತ್ರಿವೇಣಿಯವರ ಪರಿಚಯವಾಯಿತು. ತ್ರಿವೇಣಿ ಇಂದಿರಾಗಿಂತ ಹನ್ನೊಂದು ವರ್ಷ ಚಿಕ್ಕವರು. ಆದರೆ ಆಗಲೇ ನಾಡಿಗೆ ನಾಡೇ ಓದುತ್ತಿದ್ದ ಹೆಸರು. ಇಂದಿರಾ ಬರೆದದ್ದನ್ನು ನೋಡಿ, ಇದನ್ನು ಅಚ್ಚಿಗೆ ಕೊಡಿ ಎಂದು ಬೆನ್ನು ಹತ್ತಿದವರು ಆಕೆ. ವಯಸ್ಸಿನಲ್ಲಿ ಕಿರಿಯಳು ಹಿರಿಯಳಿಗೆ ಬಾಗಿಲು ತೆರೆದದ್ದು ಹೀಗೆ. ‘ತುಂಗಭದ್ರಾ’ಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. 1976ರ ‘ಫಣಿಯಮ್ಮ’ವನ್ನು ಪ್ರೇಮಾ ಕಾರಂತರು ತೆರೆಗೆ ತಂದರು.

ಫಣಿಯಮ್ಮನ ಬಗ್ಗೆ ಒಂದು ಮಾತು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ವರ್ಷ ದಾಟಿ ಬದುಕಿದ ತಮ್ಮ ಮನೆತನದ ಹಿರಿಯಳೊಬ್ಬಳ ಕಥೆ ಅದು. ಇಂದಿರಾ ಅದನ್ನು ಕಿವಿಯಲ್ಲಿ ಇಟ್ಟುಕೊಂಡೇ ಬೆಳೆದವರು. ಇಪ್ಪತ್ತೈದರ ಹರೆಯದಲ್ಲಿ ಬರೆಯಲು ಕೂತಿದ್ದರೆ ಅದು ಸಮಾಜ ಸುಧಾರಣೆಯ ಕಾದಂಬರಿಯಾಗುತ್ತಿತ್ತೇನೋ, ಗಟ್ಟಿದನಿಯಲ್ಲಿ ಕೂಗಿಕೊಳ್ಳುತ್ತಿತ್ತೇನೋ. ಅರವತ್ತರ ಹತ್ತಿರದ ಹೆಂಗಸು ಅದನ್ನು ಬರೆದಾಗ ಫಣಿಯಮ್ಮನ ಬಾಯಲ್ಲಿ ದೂರು ಇಲ್ಲ. ದೂರು ಇಲ್ಲದ್ದೇ ಓದುಗರನ್ನು ಹೆಚ್ಚು ಕಾಡುತ್ತದೆ. ತಡವಾಗಿ ಬರೆದವರಿಗೆ ಸಿಗುವ ಲಾಭ ಇಷ್ಟೇ ಎಂದು ನಾನು ಹೇಳಬಲ್ಲೆ. ತಡವಾದದ್ದೇ ಒಳ್ಳೆಯದಾಯಿತು ಎಂದು ಮಾತ್ರ ಹೇಳಲಾರೆ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಪ್ಪತ್ತೈದರಲ್ಲೂ ಬರೆದು, ಅರವತ್ತರಲ್ಲೂ ಬರೆಯುವ ಹಕ್ಕು ಆಕೆಗೆ ಇತ್ತು.

ಈಗ ಸಾರಾ ಅವರ ಕಡೆಗೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅವರೂ ನಿಮ್ಮ ಹಾಗೆ ಗಡಿಯವರು. ಹಲಸಂಗಿಯ ಹತ್ತಿರದಲ್ಲೇ ಭೀಮಾ ನದಿ, ಆಚೆಗೆ ಸೊಲ್ಲಾಪುರ ಜಿಲ್ಲೆ. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಹಳ್ಳಿಗಳು ಮಹಾರಾಷ್ಟ್ರದಲ್ಲಿ ಉಳಿದವು. ಸಾರಾ ಹುಟ್ಟಿದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಮನೆಯ ಮಾತು ಬೇರೆ, ಓದಿದ ಭಾಷೆ ಕನ್ನಡ, ರಾಜ್ಯ ಇನ್ನೊಂದು. 1936ರಲ್ಲಿ ಹುಟ್ಟಿದ ಆಕೆ ಕಾಸರಗೋಡಿನ ಮುಸ್ಲಿಂ ಹುಡುಗಿಯರಲ್ಲಿ ಕನ್ನಡ ಶಾಲೆ ಓದಿದ ಮೊದಲಿಗರಲ್ಲಿ ಒಬ್ಬರು. ಮುಂದೆ ಓದುವ ಆಸೆಯಿತ್ತು. ಆದರೆ ಸಮುದಾಯದ ಕಟ್ಟುಪಾಡು, ಮದುವೆ, ಸಂಸಾರ, ನಾಲ್ವರು ಗಂಡುಮಕ್ಕಳು. ಹುಡುಗಿಯಾಗಿದ್ದಾಗ ಓದಿನಲ್ಲಿ ಮುಂದಿದ್ದವಳು ಗೃಹಿಣಿಯಾದ ಮೇಲೆ ಓದಲು ಒಂದು ಪುಸ್ತಕಕ್ಕೆ ಇಪ್ಪತ್ತೇಳನೆಯ ವಯಸ್ಸಿನವರೆಗೆ ಕಾಯಬೇಕಾಯಿತು.

1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಶುರುಮಾಡಿದರು. ಮರುವರ್ಷ ಕೋಮು ಸೌಹಾರ್ದದ ಬಗ್ಗೆ ಸಾರಾ ಬರೆದ ಲೇಖನ ಅಲ್ಲಿ ಪ್ರಕಟವಾಯಿತು. ಅದರ ಬೆನ್ನಿಗೇ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಆಗ ಅವರಿಗೆ ನಲವತ್ತೈದು. ಇಂದಿರಾ ಕೂಡ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಅಚ್ಚಿಗೆ ಬಂದವರೆಂಬುದನ್ನು ನೆನಪಿಡಿ. ಇದು ಜಾತಕದ ಮಾತಲ್ಲ. ಮಕ್ಕಳು ಕೈಗೆ ಬರುವ, ಅತ್ತೆ-ಮಾವಂದಿರ ಆರೈಕೆ ಹಗುರವಾಗುವ, ಮಧ್ಯಾಹ್ನದ ಒಂದೆರಡು ಗಂಟೆ ತನ್ನದೆಂದು ಹೇಳಿಕೊಳ್ಳಬಹುದಾದ ವಯಸ್ಸು ಅದು. ಆ ತಲೆಮಾರಿನ ಹೆಂಗಸಿನ ಎರಡನೆಯ ಅವಕಾಶಕ್ಕೆ ಗಡಿಯಾರ ಹೀಗೆಯೇ ಹೊತ್ತು ಗೊತ್ತುಮಾಡಿತ್ತು.

ವಾರಪತ್ರಿಕೆಯ ಧಾರಾವಾಹಿಗೂ ಇದಕ್ಕೂ ನಂಟಿದೆ. ಮುನ್ನೂರು ಪುಟ ಬರೆದು, ಗಂಟು ಕಟ್ಟಿಕೊಂಡು, ಪ್ರಕಾಶಕರ ಬಾಗಿಲು ತಟ್ಟುವ ಧೈರ್ಯ ಮನೆಯಲ್ಲೇ ಇದ್ದ ಹೆಂಗಸಿಗೆ ಬರುವುದು ಕಷ್ಟ. ವಾರಕ್ಕೊಂದು ಕಂತು ಅಂದರೆ ಅಡುಗೆ ಮುಗಿಸಿ ಬರೆಯಬಹುದು, ಅಂಚೆಗೆ ಹಾಕಬಹುದು, ಮುಂದಿನ ವಾರ ಅಚ್ಚಿನಲ್ಲಿ ಕಾಣಬಹುದು. ಹೊಗಳಿಕೆ, ಬೈಗುಳ ಎರಡೂ ಕಾರ್ಡಿನಲ್ಲಿ ಬರುತ್ತವೆ, ಮುಂದಿನ ಕಂತು ಬರೆಯದೆ ವಿಧಿಯಿಲ್ಲ. ಸುಧಾ, ತರಂಗ, ಪ್ರಜಾಮತಗಳಂಥ ವಾರಪತ್ರಿಕೆಗಳು ಕನ್ನಡ ಕಾದಂಬರಿಗೆ ಮಾಡಿದ ಈ ಉಪಕಾರವನ್ನು ನಮ್ಮ ವಿಮರ್ಶಕರು ಸ್ವಲ್ಪ ಮೂಗು ಮುರಿದೇ ನೋಡಿದ್ದಾರೆ. ‘ಧಾರಾವಾಹಿ ಕಾದಂಬರಿ’ ಎಂಬ ಮಾತಿನಲ್ಲೇ ಒಂದು ತಾತ್ಸಾರ ಇದೆ. ಆ ಧಾರಾವಾಹಿಯ ಪುಟಗಳು ಇಲ್ಲದಿದ್ದರೆ ನಮ್ಮ ಅರ್ಧದಷ್ಟು ಲೇಖಕಿಯರು ಡೈರಿಯಲ್ಲೇ ಮುಗಿದುಹೋಗುತ್ತಿದ್ದರು ಎಂಬುದು ನನ್ನ ಅಂದಾಜು.

‘ಚಂದ್ರಗಿರಿಯ ತೀರದಲ್ಲಿ’ಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ನಾದಿರಾಳ ತಂದೆ ಮಹಮ್ಮದ್ ಖಾನ್ ಅಳಿಯ ರಶೀದನ ಮೇಲಿನ ಹಟಕ್ಕೆ ಮಗಳಿಗೆ ತಲಾಖ್ ಕೊಡಿಸುತ್ತಾನೆ. ಗಂಡ-ಹೆಂಡತಿಗೆ ಪರಸ್ಪರ ಮನಸ್ಸಿದೆ, ನಡುವೆ ಮಗುವಿದೆ. ಮುಂದೆ ತಂದೆಯ ಮನಸ್ಸೂ ಕರಗುತ್ತದೆ. ಆದರೆ ಅವರು ಮತ್ತೆ ಒಂದಾಗಬೇಕಾದರೆ ಧಾರ್ಮಿಕ ಮುಖಂಡರ ನಿಯಮವೊಂದಿದೆ: ನಾದಿರಾ ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ಆ ರಾತ್ರಿಯ ಬದಲು ನಾದಿರಾ ಮಸೀದಿಯ ಕೆರೆಯನ್ನು ಆರಿಸಿಕೊಳ್ಳುತ್ತಾಳೆ.

ಇದನ್ನು ನಾವು ತಲಾಖ್ ಕುರಿತ ಕಾದಂಬರಿ ಎಂದು ಪಾಠ ಮಾಡುತ್ತೇವೆ. ಸರಿಯೇ. ಆದರೆ ಇದು ಎರಡನೆಯ ಅವಕಾಶದ ಕಾದಂಬರಿಯೂ ಹೌದು. ಬದುಕನ್ನು ಮತ್ತೆ ಶುರುಮಾಡಲು ನಾದಿರಾಳಿಗೆ ಎಲ್ಲರೂ ಒಪ್ಪಿಗೆ ಕೊಡುತ್ತಾರೆ, ಒಂದು ಷರತ್ತಿನ ಮೇಲೆ. ಆ ಷರತ್ತೇ ಅವಳನ್ನು ಕೊಲ್ಲುತ್ತದೆ. ನಲವತ್ತೈದರಲ್ಲಿ ಮೊದಲ ಸಲ ತನ್ನ ಹೆಸರನ್ನು ಅಚ್ಚಿನಲ್ಲಿ ಕಂಡ ಲೇಖಕಿ ತನ್ನ ಮೊದಲ ಕಾದಂಬರಿಗೇ ಈ ವಸ್ತುವನ್ನು ಎತ್ತಿಕೊಂಡರು ಎಂಬುದು ಕಾಕತಾಳೀಯ ಇರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಮತ್ತೆ ಬಾ ಎಂದು ಕರೆಯುವವರು ಯಾವ ಷರತ್ತು ಹಾಕುತ್ತಾರೆ ಎಂದು ಆಕೆಗೆ ಗೊತ್ತಿತ್ತು.

ಸಾರಾ ಷರತ್ತಿಗೆ ಸಿಗಲಿಲ್ಲ. ‘ಸಹನಾ’, ‘ವಜ್ರಗಳು’, ‘ಕದನವಿರಾಮ’, ‘ಸುಳಿಯಲ್ಲಿ ಸಿಕ್ಕವರು’, ‘ತಳ ಒಡೆದ ದೋಣಿಯಲಿ’ ಎಂದು ಒಂದಾದ ಮೇಲೊಂದು ಬರೆದರು. 1994ರಲ್ಲಿ ಚಂದ್ರಗಿರಿ ಪ್ರಕಾಶನ ಎಂದು ತಮ್ಮದೇ ಪ್ರಕಾಶನ ತೆರೆದರು. ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದ 2001ರಲ್ಲಿ ಬಂತು. ಸ್ವಂತ ಪ್ರಕಾಶನ ತೆರೆದದ್ದನ್ನು ಅವರ ಜೀವನ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಅವರ ಕಾದಂಬರಿಗಳಷ್ಟೇ ದೊಡ್ಡ ನಿರ್ಧಾರ. ಬಾಗಿಲು ತೆರೆದವರಿಗೆ ಅದನ್ನು ಮುಚ್ಚುವ ಅಧಿಕಾರವೂ ಇರುತ್ತದೆ. ಹಾಗಾಗಿ ಕೀಲಿಕೈ ತನ್ನ ಹತ್ತಿರ ಇರಲಿ ಎಂದರು.

ಎಲ್ಲರಿಗೂ ಹೀಗೆ ಆಗಲಿಲ್ಲ. ಆಗದವರಲ್ಲಿ ನಂಜನಗೂಡು ತಿರುಮಲಾಂಬಾ ಮೊದಲಿಗರು. 1887ರಲ್ಲಿ ಹುಟ್ಟಿದ ಬಾಲವಿಧವೆ. ವಕೀಲರಾಗಿದ್ದ ತಂದೆಯ ಬೆಂಬಲದಿಂದ ಓದಿದರು. 1913ರಲ್ಲಿ ‘ಸುಶೀಲೆ’ ಕಾದಂಬರಿ, ‘ಸತೀ ಹಿತೈಷಿಣಿ’ ಗ್ರಂಥಮಾಲೆ, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ. ಲೇಖಕಿ, ಸಂಪಾದಕಿ, ಪ್ರಕಾಶಕಿ, ಮೂರೂ ತಾವೇ. ಸಾರಾ 1994ರಲ್ಲಿ ಮಾಡಿದ್ದನ್ನು ಇವರು ಎಂಬತ್ತು ವರ್ಷ ಮೊದಲೇ ಮಾಡಿದ್ದರು. ಕೀಲಿಕೈ ಕೈಯಲ್ಲೇ ಇತ್ತು. ಆದರೂ ನಡುವಯಸ್ಸು ದಾಟುವ ಹೊತ್ತಿಗೆ ಬರವಣಿಗೆ ನಿಂತಿತು. ನವೋದಯದ ದೊಡ್ಡ ಸದ್ದಿನಲ್ಲಿ ಅವರ ಹೆಸರು ಕೇಳಿಸಲಿಲ್ಲ. ಹೊಸ ವಿಮರ್ಶೆಯ ತಕ್ಕಡಿಗೆ ಅವರ ಕಾದಂಬರಿ ಹಗುರವಾಗಿ ಕಂಡಿತು. ವಿಚಿತ್ರವೆಂದರೆ ಅವರು 1982ರವರೆಗೂ ಬದುಕಿದ್ದರು. ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗುತ್ತಿದ್ದಾಗ ಕನ್ನಡದ ಮೊದಲ ಕಾದಂಬರಿಕಾರ್ತಿಯರಲ್ಲಿ ಒಬ್ಬರಾದ ಅವರು ಇನ್ನೂ ಇದ್ದರು, ದಶಕಗಳ ಮೌನದಲ್ಲಿ.

ಅವರನ್ನು ಮತ್ತೆ ನಮ್ಮ ಗಮನಕ್ಕೆ ತಂದವರಲ್ಲಿ ಚಿ. ನ. ಮಂಗಳಾ, ವಿಜಯಾ ದಬ್ಬೆ ಮುಖ್ಯರು. ಮಂಗಳಾ ಅವರು ಬೆಂಗಳೂರಿನ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ‘ಶಾಶ್ವತಿ’ ಸಂಸ್ಥೆಯನ್ನು ಕಟ್ಟಿ, ತಿರುಮಲಾಂಬಾ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಆರಂಭಿಸಿದರು. ಒಳ್ಳೆಯ ಕೆಲಸ. ಆದರೆ ಮನಸ್ಸಿಗೆ ಒಂದು ಸಂಗತಿ ಚುಚ್ಚುತ್ತದೆ: ತಿರುಮಲಾಂಬಾ ಪ್ರಶಸ್ತಿ ಪಡೆದವರ ಹೆಸರು ಗೊತ್ತಿರುವಷ್ಟು ಜನರಿಗೆ ‘ಸುಶೀಲೆ’ಯ ಕಥೆ ಗೊತ್ತಿಲ್ಲ. ಲೇಖಕಿಗೆ ಎರಡನೆಯ ಹೆಸರು ಸಿಕ್ಕಿತು, ಎರಡನೆಯ ಓದು ಸಿಗಲಿಲ್ಲ.

ಈಚಿನ ಕಾಲದ ಒಂದು ಉದಾಹರಣೆ ಪಕ್ಕದ ತಮಿಳುನಾಡಿನಿಂದ. ಪೆರುಮಾಳ್ ಮುರುಗನ್ 2010ರಲ್ಲಿ ‘ಮಾದೊರುಭಾಗನ್’ ಬರೆದರು. ನಾಲ್ಕು ವರ್ಷದ ನಂತರ ಆ ಕಾದಂಬರಿಯ ವಿರುದ್ಧ ತಿರುಚೆಂಗೋಡಿನಲ್ಲಿ ಗಲಾಟೆಯೆದ್ದಿತು. 2015ರ ಜನವರಿಯಲ್ಲಿ ಅವರು ಇನ್ನು ಬರೆಯುವುದಿಲ್ಲ, ತಮ್ಮೊಳಗಿನ ಲೇಖಕ ಸತ್ತ ಎಂದು ಪ್ರಕಟಿಸಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟು, ಮತ್ತೆ ಬರೆಯಿರಿ ಎಂಬ ಅರ್ಥದ ಮಾತನ್ನೂ ಸೇರಿಸಿತು. ಅವರು ಬರೆದರು. ಬರೆದದ್ದು ಒಂದು ಮೇಕೆಯ ಕಥೆ, ‘ಪೂನಾಚ್ಚಿ’. ಮನುಷ್ಯರ ಬಗ್ಗೆ ಬರೆಯಲು ಹೆದರಿಕೆ, ದೇವರ ಬಗ್ಗೆ ಇನ್ನೂ ಹೆದರಿಕೆ, ಆಕಳು-ಹಂದಿಯ ಸುದ್ದಿಗೆ ಹೋಗುವ ಹಾಗಿಲ್ಲ, ಹೀಗಾಗಿ ಮೇಕೆ ಉಳಿಯಿತು ಎಂಬರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ. ನ್ಯಾಯಾಲಯ ಬರೆಯುವ ಹಕ್ಕನ್ನು ಮರಳಿಸಬಹುದು. ಮೊದಲಿನ ನಿರ್ಭಯವನ್ನು ಮರಳಿಸುವುದು ಅದರ ಕೈಯಲ್ಲಿಲ್ಲ. ಆದರೂ ಮೇಕೆಯ ಬೆನ್ನ ಮೇಲೆ ಕೂತು ಅವರು ಹೇಳಬೇಕಾದ್ದನ್ನೆಲ್ಲ ಹೇಳಿದ್ದಾರೆ, ಓದಿ ನೋಡಿ.

ನೋಡಿದರಲ್ಲ, ಒಬ್ಬರಿಗೆ ಕಿರಿಯ ಗೆಳತಿ, ಒಬ್ಬರಿಗೆ ಗ್ರಂಥಾಲಯ ಮತ್ತು ಸಂಪಾದಕ, ಒಬ್ಬರಿಗೆ ಹೈಕೋರ್ಟು. ಪ್ರತಿಭೆ ಇವರೆಲ್ಲರಲ್ಲೂ ಇತ್ತು. ತಿರುಮಲಾಂಬಾ ಅವರಲ್ಲೂ ಇತ್ತು. ‘ಛಲ ಬಿಡದೆ ಬರೆದರು’ ಎಂದು ಅಭಿನಂದನ ಗ್ರಂಥಗಳಲ್ಲಿ ಬರೆಯುತ್ತೇವಲ್ಲ, ಅದು ಅರ್ಧ ಸತ್ಯ. ಛಲ ಬಿಡದೆ ಬರೆದು, ಟ್ರಂಕಿನಲ್ಲಿಟ್ಟು, ಗೆದ್ದಲಿಗೆ ಕೊಟ್ಟವರ ಹೆಸರು ಯಾವ ಅಭಿನಂದನ ಗ್ರಂಥದಲ್ಲೂ ಇರುವುದಿಲ್ಲ.

ಇದೇ ಕಾರಣಕ್ಕೆ ನಮ್ಮ ಸನ್ಮಾನದ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಹಿರಿಯ ಲೇಖಕರು ಸಿಕ್ಕರೆ ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಪೇಟ ಸುತ್ತುತ್ತೇವೆ. ಅವರ ಮನೆಯಲ್ಲಿ ಶಾಲು ಇಡಲು ಜಾಗ ಇರುವುದಿಲ್ಲ, ಅವರ ಪುಸ್ತಕ ಅಂಗಡಿಯಲ್ಲಿ ಇರುವುದಿಲ್ಲ. ದತ್ತಿ ಉಪನ್ಯಾಸವೂ ಇದಕ್ಕಿಂತ ಬೇರೆಯಲ್ಲ. ಬ್ಯಾಂಕಿನ ಬಡ್ಡಿ ದರ ಇಳಿದಷ್ಟೂ ನಮ್ಮ ಚಹಾ ತೆಳ್ಳಗಾಗುತ್ತದೆ, ಭಾಷಣ ಮಾತ್ರ ಉದ್ದವೇ ಇರುತ್ತದೆ. ದತ್ತಿಯಿಟ್ಟ ಮನೆಯವರು ಕ್ಷಮಿಸಬೇಕು. ಇಷ್ಟು ಹೇಳಿದ ಮೇಲೆ ಒಂದು ಕೆಲಸದ ಮಾತನ್ನೂ ಹೇಳುವುದು ನನ್ನ ಹೊಣೆ.

ಅದಕ್ಕೆ ಮೊದಲು ಒಂದು ಉದಾಹರಣೆ: ಅವಿಭಜಿತ ವಿಜಾಪುರ ಜಿಲ್ಲೆಯ ರಾವಬಹಾದ್ದೂರರು 1957ರಲ್ಲಿ ‘ಗ್ರಾಮಾಯಣ’ ಬರೆದರು. ಕನ್ನಡದ ಒಳ್ಳೆಯ ಕಾದಂಬರಿಗಳನ್ನು ಬೆರಳೆಣಿಸಿ ಹೇಳಿ ಅಂದರೆ ಬಲ್ಲವರು ಅದನ್ನು ಬಿಡುವುದಿಲ್ಲ. ಪಾದಳ್ಳಿ ಎಂಬ ಒಂದು ಹಳ್ಳಿ ಒಳಗಿನಿಂದಲೇ ಕೊಳೆತು ಕುಸಿಯುವುದನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬರೆದವರು ಕಡಿಮೆ. ಕೈಯಿಂದ ಕೈಗೆ ಹೋಗಿ ಸವೆದ ಪ್ರತಿಗಳಲ್ಲಿ ಅದನ್ನು ಓದಿದ ಕಾಲವೊಂದಿತ್ತು. ಮರುಮುದ್ರಣವಾದ ಮೇಲೆ ಹೊಸ ತಲೆಮಾರು ಅದರ ಬಗ್ಗೆ ಈಗ ಬರೆದಂತೆ ಮಾತಾಡಿತು. ಲೇಖಕರು 1984ರಲ್ಲೇ ತೀರಿಕೊಂಡಿದ್ದರು. ಅಂದರೆ ಬರೆದವರು ಹೋದ ಮೇಲೂ ಅವರ ಬರವಣಿಗೆಗೆ ಎರಡನೆಯ ಸುತ್ತು ಸಾಧ್ಯ, ಯಾರಾದರೂ ಅಚ್ಚಿನ ಖರ್ಚು ಹೊತ್ತರೆ.

ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತಿರುಮಲಾಂಬಾ ಅವರ ಪುಸ್ತಕಗಳ ಹಕ್ಕು 2042ರ ಕೊನೆಯವರೆಗೆ ವಾರಸುದಾರರದ್ದು. ಅಚ್ಚು ಹಾಕಬೇಕೆಂದರೆ ಅವರನ್ನು ಹುಡುಕಿ ಒಪ್ಪಿಗೆ ಪಡೆಯಬೇಕು. ಸಿಂಪಿ ಲಿಂಗಣ್ಣನವರದ್ದು 2053ರವರೆಗೆ. ಈ ಹಕ್ಕಿನ ಬೆಲೆ ಎಷ್ಟೆಂದು ಸಾರಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ‘ಬ್ಯಾರಿ’ ಚಿತ್ರಕ್ಕೆ 2011ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದಾಗ, ಅದು ತನ್ನ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದ್ದೇ ಕಥೆ ಎಂದು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಮಂಗಳೂರಿನ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಆಗ ಅವರಿಗೆ ಎಂಬತ್ತು ದಾಟಿತ್ತು. 2023ರ ಜನವರಿಯಲ್ಲಿ ತೀರಿಕೊಂಡರು.

ಮಧುರಚೆನ್ನರ ವಿಷಯ ಬೇರೆ. ಅವರು 1953ರಲ್ಲಿ ತೀರಿಕೊಂಡವರು. ಅವರ ಬರಹಗಳು 2014ರ ಜನವರಿಯಿಂದ ಎಲ್ಲರವು. ‘ನನ್ನ ನಲ್ಲ’ದ ಕವಿತೆಗಳನ್ನಾಗಲಿ, ಅವರ ಗದ್ಯವನ್ನಾಗಲಿ ಅಚ್ಚು ಹಾಕಲು ಯಾರ ಸಹಿಯೂ ಬೇಕಾಗಿಲ್ಲ. ಈ ಊರಿನ ಹೈಸ್ಕೂಲು ಹುಡುಗರಲ್ಲಿ ಮೊಬೈಲಿನಲ್ಲೇ ಸರಾಗ ಕನ್ನಡ ಟೈಪ್ ಮಾಡುವವರಿದ್ದಾರೆ. ಮುಂದಿನ ವರ್ಷ ನನ್ನಂಥ ಇನ್ನೊಬ್ಬರನ್ನು ಕರೆಸುವ ಪ್ರಯಾಣ ವೆಚ್ಚ, ಶಾಲು, ಹಾರ, ಫ್ಲೆಕ್ಸು ಎಲ್ಲ ಉಳಿಸಿದರೆ ಒಂದು ಸಣ್ಣ ಪುಸ್ತಕದ ಕಾಗದಕ್ಕೆ ಸಾಕಾಗಬಹುದು. ದತ್ತಿಯ ಕರಾರುಪತ್ರದಲ್ಲಿ ‘ಉಪನ್ಯಾಸ’ ಎಂದೇ ಬರೆದಿದ್ದರೆ, ಅದನ್ನು ‘ಉಪನ್ಯಾಸ ಅಥವಾ ಪ್ರಕಟಣೆ’ ಎಂದು ತಿದ್ದಲು ದಾನಿಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಭೆ ಮುಗಿದ ಮೇಲೆ ಅವರ ಹತ್ತಿರ ಈ ಮಾತು ತೆಗೆಯಬೇಕೆಂದು ಸಂಘಟಕರಲ್ಲಿ ನನ್ನ ವಿನಂತಿ.